ಶುಕ್ರವಾರ ಬಂದ ಹುಡುಗಿ

ಆ ಹುಡುಗಿ ನಮ್ಮ ಮನೆಯಲ್ಲಿ ನಿಂತರೆ ನಾನು ಮಧುರವಾಡದಲ್ಲಿ ಉಳಿಯಬಹುದು. ನಿಲ್ಲದಿದ್ದರೆ ಸಂಜೆಯ ರೈಲಿಗೆ ವಿಜಯವಾಡ. ಭಾವ ಕೆಂಪಣ್ಣನವರು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ನನ್ನ ಯಜಮಾನರು ಲಿಂಗರಾಜು. ಬ್ಯಾಂಕಿನಲ್ಲಿ ಗುಮಾಸ್ತರು. ನಾವು ತುಮಕೂರಿನ ಕಡೆಯವರು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆವು, ಇಲ್ಲೇ ಮಧುರವಾಡದಲ್ಲಿ ಫ್ಲಾಟ್ ಕೊಂಡೆವು. ಮಕ್ಕಳಾಗಲಿಲ್ಲ. ಸಂಕ್ರಾಂತಿ ಮುಗಿದ ವಾರ ಅವರು ಬ್ಯಾಂಕಿನಿಂದ ಬರುವಾಗ ಬಸ್ಸಿನಲ್ಲೇ ಹೋಗಿಬಿಟ್ಟರು. ನಿದ್ದೆ ಹತ್ತಿದೆ ಎಂದುಕೊಂಡು ಕಂಡಕ್ಟರು ಕೊನೆಯ ಸ್ಟಾಪಿನವರೆಗೂ ಎಬ್ಬಿಸಲಿಲ್ಲವಂತೆ. ಅದರ ಬಗ್ಗೆ ಇನ್ನು ಬರೆಯುವುದಿಲ್ಲ.

ಭಾವ ಎಂದರೆ ಅವರ ಅಣ್ಣ. ವಿಜಯವಾಡದ ಆಟೋನಗರದಲ್ಲಿ ಲಾರಿ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಕೆಟ್ಟವರಲ್ಲ. ತಮ್ಮನ ಹೆಂಡತಿಯನ್ನು ಒಬ್ಬಳೇ ಬಿಟ್ಟರೆ ಜನ ಏನಂದಾರು ಎಂಬುದು ಅವರ ಚಿಂತೆ. ಅವರ ಮನೆಯಲ್ಲಿ ಅಡುಗೆಮನೆಯ ಹಿಂದೆ ನನಗೊಂದು ಕೋಣೆ ಖಾಲಿ ಮಾಡಿಸಿದ್ದರು. ಆ ಕೋಣೆ ನೋಡಿದ್ದೇನೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ನನಗೆ ಇಲ್ಲೇ ಇರಬೇಕು. ಇಲ್ಲಿ ನಮ್ಮವರ ಕುರ್ಚಿ ಇದೆ. ಅವರು ಹತ್ತಿ ಬರುತ್ತಿದ್ದ ಮೆಟ್ಟಿಲಿದೆ.

"ಯಾರಾದ್ರೂ ಜೊತೇಲಿದ್ರೆ ಸರಿ, ನಾ ಕೇಳಲ್ಲ" ಎಂದಿದ್ದರು ಭಾವ. ಕೆಳಗಿನ ಮನೆಯ ಅನಸೂಯಾ ಕಾಲೇಜಿನ ಹಾಸ್ಟೆಲ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಹಾಸ್ಟೆಲ್ ರಿಪೇರಿಯಲ್ಲಿದೆ, ಹೊರದೇಶದ ಹುಡುಗಿಯೊಬ್ಬಳಿಗೆ ಮನೆ ಬೇಕು ಎಂದಳು. ಒಪ್ಪಿಕೊಂಡೆ. ಹುಡುಗಿ ಬರುವ ದಿನವೇ ಬಂದು ನೋಡುತ್ತೇನೆ ಎಂದರು ಭಾವ. ಆ ದಿನ ಶುಕ್ರವಾರ.

ಬೆಳಿಗ್ಗೆ ಅನಸೂಯಾ ಅವಳನ್ನು ಕರೆದುಕೊಂಡು ಬಂದಳು. ಎತ್ತರದ ಕಪ್ಪು ಹುಡುಗಿ. ಹೆಗಲ ಮೇಲೆ ಬಿಳಿ ಹತ್ತಿಯ ಹೊದಿಕೆ. ಹೆಸರು ತಿಗಿಸ್ತ್. ಇಥಿಯೋಪಿಯಾದವಳು. ತಾಯಿ ಇಲ್ಲ, ಅಜ್ಜಿ ಕಾಫಿ ಬೀಜ ಹುರಿದು ಮಾರಿ ಸಾಕಿದಳಂತೆ. ಔಷಧಿಯ ಓದಿಗೆ ಬಂದಿದ್ದಾಳೆ. ಹೊರದೇಶ ಎಂದರೆ ನಾನು ಬಿಳಿಯರನ್ನು ನೆನೆದಿದ್ದೆ. ಇದ್ದದ್ದನ್ನು ಬರೆಯುತ್ತಿದ್ದೇನೆ. ಎದುರು ಮನೆಯವರು ಬಾಗಿಲು ತೆಗೆದು ನೋಡಿ ಮತ್ತೆ ಹಾಕಿಕೊಂಡರು.

"ಏನಕ್ಕಾ, ಹೆಣ್ಣು ನೋಡೋಕೆ ಬಂದೋರ ಥರ ನಿಂತಿದೀರ? ಒಳಗೆ ಕರೀರಿ" ಎಂದಳು ಅನಸೂಯಾ. ಅವಳ ಮಾತು ತೆಲುಗು, ನಾನು ಕನ್ನಡದಲ್ಲಿ ಬರೆದಿದ್ದೇನೆ.

ಹೊಸಬರು ಮನೆಯೊಳಗೆ ಕಾಲಿಟ್ಟಾಗ ಹಾಲು ಕೊಡುವುದು ನಮ್ಮ ಪದ್ಧತಿ. ಸಕ್ಕರೆ ಹಾಕಿ ಕಾಯಿಸಿಟ್ಟಿದ್ದೆ. ಲೋಟ ಚಾಚಿದೆ. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು.

"ಸಾರಿ ಮದರ್. ಫ್ರೈಡೇ" ಎಂದಳು.

ಅನಸೂಯಾ ಆಗಲೇ ಮೆಟ್ಟಿಲಿಳಿಯುತ್ತಿದ್ದಳು, ಬಸ್ಸು ತಪ್ಪುತ್ತದೆ ಎಂದು. ಕೇಳಲು ಯಾರೂ ಇರಲಿಲ್ಲ.

ನಮ್ಮ ಕಡೆ ಶುಕ್ರವಾರ ಮುತ್ತೈದೆಯರ ದಿನ. ಅರಿಸಿನ ಕುಂಕುಮದ ದಿನ. ಆ ದಿನ ಗಂಡ ಸತ್ತವಳ ಕೈಯಿಂದ ಮೊದಲ ಹಾಲು ಯಾರೂ ತೆಗೆದುಕೊಳ್ಳುವುದಿಲ್ಲ. ನಾನು ಅದನ್ನು ಮರೆತು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎದುರಿಗೇ ಗೋಡೆಯ ಮೇಲೆ ಹಾರ ಹಾಕಿದ ಅವರ ಫೋಟೋ. ನನ್ನ ಹಣೆ ಬರಿದು. ಅವಳ ದೇಶದಲ್ಲೂ ಇದೇ ನಡೆ ಇರಬೇಕು. ಇಲ್ಲವೇ ಯಾರೋ ಹೇಳಿಕೊಟ್ಟಿದ್ದಾರೆ. ಹಾಲನ್ನು ತಿರುಗಿ ಒಲೆಯ ಪಕ್ಕ ಇಟ್ಟೆ.

ಅವಳು ಬ್ಯಾಗನ್ನು ಬಾಗಿಲ ಹತ್ತಿರವೇ ಬಿಟ್ಟು ಸೋಫಾದ ತುದಿಯಲ್ಲಿ ಕೂತಳು. ಉಪ್ಪಿಟ್ಟಿಗೆ ತುಪ್ಪ ಸುರಿದು ಕೊಟ್ಟೆ. ಎದೆಗೆ ಕೈಯಿಟ್ಟಳು. ಮೊಟ್ಟೆ ಬೇಯಿಸಿದೆ. ಅದಕ್ಕೂ ಅಷ್ಟೇ. ನೀರು ಕೊಟ್ಟೆ. ಅದನ್ನೂ ಮುಟ್ಟಲಿಲ್ಲ. ನೀರನ್ನೂ ಮುಟ್ಟದಿದ್ದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ಅನಸೂಯಾಗೆ ಫೋನು ಮಾಡಿ ಕೇಳಲು ನಾಚಿಕೆಯಾಯಿತು. ಅವಳು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು. ಅನಸೂಯಾ ಬರುವುದನ್ನೇ ಕಾಯುತ್ತಿದ್ದಾಳೆ, ಬಂದ ತಕ್ಷಣ ಹೊರಡುತ್ತಾಳೆ ಎಂದುಕೊಂಡೆ. ಅವಳ ಫೋನಿಗೆ ಇಲ್ಲಿನ ಸಿಮ್ ಇನ್ನೂ ಇರಲಿಲ್ಲ. ಇಲ್ಲದಿದ್ದರೆ ಆಗಲೇ ಹೊರಟಿರುತ್ತಿದ್ದಳು ಎಂದೂ ಅನಿಸಿತು.

ಕೋಪ ಬಂತು. ಇಂಗ್ಲಿಷ್ ಬಂದಿದ್ದರೆ ಕೇಳುತ್ತಿದ್ದೆ, ನಿನಗೂ ತಾಯಿ ಇಲ್ಲ, ನನಗೂ ಯಾರೂ ಇಲ್ಲ, ನಿನಗೇಕೆ ಈ ಶಾಸ್ತ್ರ ಎಂದು. ನಾನು ಓದಿದ್ದು ಆರನೇ ತರಗತಿ. ಸುಮ್ಮನೆ ಮುದ್ದೆಗೆ ಎಸರಿಟ್ಟೆ.

ಫೋನು ಬಂತು. "ದುವ್ವಾಡದಾಗೇ ಇಳ್ಕಂಡೆ ಕಣವ್ವ. ಈ ಗಾಡಿ ಊರೊಳಕ್ಕೆ ಹೋಗಲ್ವಂತೆ. ಹುಡ್ಗಿ ಬಂದ್ಲಾ?"

"ಬಂದವ್ಳೆ ಭಾವ."

"ಸರೇ ಸರೇ. ಆಟೋ ಹಿಡ್ದು ಬತ್ತೀನಿ."

ಭಾವ ಬಂದಾಗ ಬಿಸಿಲು ಬಾಲ್ಕನಿಯಿಂದ ಒಳಕ್ಕೆ ಬಂದಿತ್ತು. ಹುಡುಗಿ ಎದ್ದು ನಿಂತು ಅವರಿಗೆ ತಲೆ ಬಾಗಿಸಿದಳು. ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಊಟಕ್ಕೆ ಕೂತರು. ಮುದ್ದೆ ಮುರಿಯುತ್ತಾ ದನಿ ತಗ್ಗಿಸದೆ ಮಾತಾಡಿದರು.

"ಇದೇನವ್ವ, ಆಫ್ರಿಕಾದೋಳು ಅಂತ ನಂಗೊಂದು ಮಾತು ಹೇಳ್ಬಾರ್ದಾ?"

"ನಂಗೂ ಗೊತ್ತಿರ್ಲಿಲ್ಲ ಭಾವ. ಹುಡ್ಗಿ ಹುಡ್ಗೀನೇ ಅಲ್ವಾ?"

"ನಾ ಬ್ಯಾಡ ಅಂದ್ನಾ? ಉಂಡ್ಲಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಇಲ್ಲ" ಎಂದೆ.

"ಬೆಳಗ್ಗಿಂದ?"

"ನೀರೂ ಕುಡ್ದಿಲ್ಲ."

ಭಾವ ಕೈ ತಡೆದರು. ಬಾಗಿಲ ಬಳಿಯ ಬ್ಯಾಗನ್ನು ನೋಡಿದರು. ಜಿಪ್ಪು ಹಾಕಿದ್ದು ಹಾಕಿದ ಹಾಗೇ ಇತ್ತು.

"ಗಂಟು ಬಿಚ್ಚಿಲ್ಲ, ನೀರು ಕುಡ್ದಿಲ್ಲ. ಅವ್ಳೇನು ನಿಂತ್ಕಳ್ಳಕ್ಕೆ ಬಂದವ್ಳಾ, ರೈಲಿಗೆ ಕಾಯ್ತಾವ್ಳಾ? ನೋಡಮ್ಮಾ ರಾಜಮ್ಮ, ನಾ ನಿನ್ ಕೆಟ್ಟದ್ದಕ್ಕೆ ಹೇಳ್ತಿಲ್ಲ. ಅವ್ಳು ಹೋಗ್ಲಿ ಪಾಪ. ನೀನು ಬಟ್ಟೆ ತಗೊ. ಸಾಮಾನು ಆಮೇಲೆ ತರ್ಸಣ."

ಅವರು ಕೈ ತೊಳೆದರು. ಕುರ್ಚಿಯನ್ನು ಗೋಡೆಗೆ ಎಳೆದರು. ಅದು ನಮ್ಮವರ ಕುರ್ಚಿ. ಹತ್ತಿ ನಿಂತು ಮೊಳೆಯಿಂದ ಫೋಟೋ ತೆಗೆದರು. "ಇದನ್ನ ಕೈಯ್ಯಾಗೇ ಹಿಡ್ಕಂಡು ಹೋಗಣ. ಗಾಜು ಐತೆ" ಎಂದರು. ಫೋಟೋ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಿತ್ತು.

ಹುಡುಗಿ ಅದನ್ನೆಲ್ಲ ನೋಡುತ್ತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ನಾನು ಅಡುಗೆಮನೆಗೆ ಹೋದೆ. ಅಳು ಬರಲಿಲ್ಲ. ಹಸಿವಾಗುತ್ತಿತ್ತು, ಬೆಳಗಿನಿಂದ ನಾನೂ ತಿಂದಿರಲಿಲ್ಲ. ನನಗೆಂದು ರಾಗಿ ದೋಸೆಯ ಹಿಟ್ಟು ಕಲಸಿಟ್ಟಿದ್ದೆ, ಹುಳಿ ಬಂದಿತ್ತು. ನಮ್ಮವರು ಹೋದ ಮೇಲೆ ನಾನು ತುಪ್ಪ ಬಿಟ್ಟಿದ್ದೇನೆ, ಮೊಸರು ಬಿಟ್ಟಿದ್ದೇನೆ. ರಾಗಿ ದೋಸೆ, ಹುಚ್ಚೆಳ್ಳು ಚಟ್ನಿ, ಅಷ್ಟೇ ನನ್ನ ಊಟ. ಕಾವಲಿ ಇಟ್ಟು ಹಿಟ್ಟು ಹೊಯ್ದೆ. ಕೊನೆಯ ಸಲ ಈ ಒಲೆಯಲ್ಲಿ ಎಂದುಕೊಂಡೆ.

ಅಡುಗೆಮನೆಯಿಂದ ಹಜಾರದ ಗಡಿಯಾರ ಕಾಣುತ್ತದೆ. ಮೂರಾಗಿತ್ತು. ಹುಡುಗಿ ಎದ್ದಳು. ಬಿಳಿ ಹೊದಿಕೆಯನ್ನು ತಲೆಗೆ ಹಾಕಿಕೊಂಡು ಬಾಲ್ಕನಿಯ ಮೂಲೆಯಲ್ಲಿ ಮೂಡಣಕ್ಕೆ ಮುಖ ಮಾಡಿ ನಿಂತಳು. ತುಟಿ ಅಲ್ಲಾಡುತ್ತಿತ್ತು. ಸೊಂಟ ಬಗ್ಗಿಸಿ ಎದ್ದಳು, ಮತ್ತೆ ಬಗ್ಗಿದಳು. ಆಮೇಲೆ ನೇರ ಅಡುಗೆಮನೆಗೆ ಬಂದಳು.

ಬಾಗಿಲಲ್ಲೇ ನಿಂತು ಮೂಗು ಎತ್ತಿದಳು. ಹುಳಿ ಹಿಟ್ಟಿನ ವಾಸನೆ. ಅವಳ ಮುಖ ಬದಲಾಯಿತು. ಕಾವಲಿಯ ಮೇಲಿನ ಕಂದು ದೋಸೆಗೆ ಬೆರಳು ತೋರಿಸಿದಳು.

"ಇಂಜೆರಾ!" ಎಂದಳು.

ಅದು ಏನೆಂದು ನನಗೆ ಆಗ ತಿಳಿಯಲಿಲ್ಲ, ಅವರ ದೇಶದ ಹುಳಿ ದೋಸೆಯಂತೆ. ಅವಳು ತುಪ್ಪದ ಡಬ್ಬಿ ತೋರಿಸಿ ದೋಸೆಯಲ್ಲಿ ಇದೆಯಾ ಎಂಬಂತೆ ನೋಡಿದಳು. ಇಲ್ಲವೆಂದು ತಲೆಯಾಡಿಸಿದೆ. ಹಾಲಿನ ಪಾತ್ರೆ ತೋರಿಸಿದಳು. ಅದೂ ಇಲ್ಲ ಎಂದೆ. ಅವಳು ನೀರಿನ ಲೋಟ ಎತ್ತಿ ಗಟಗಟ ಕುಡಿದಳು. ಇನ್ನೊಂದು ಲೋಟ ಕುಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ನಾನು ಬೇರೆ ತಟ್ಟೆಗೆ ಕೈ ಚಾಚಿದೆ. ಅವಳು ಬೇಡವೆಂದು ನನ್ನ ತಟ್ಟೆಯನ್ನೇ ನಮ್ಮಿಬ್ಬರ ನಡುವೆ ಎಳೆದಿಟ್ಟು, ನನ್ನ ಸೆರಗು ಹಿಡಿದು ಕೂರಿಸಿದಳು.

ಒಂದು ತುತ್ತು ತಿಂದಳು. ಚಟ್ನಿಯನ್ನು ನಾಲಿಗೆಯಲ್ಲಿ ಆಡಿಸಿ "ನೂಗ್, ನೂಗ್" ಎಂದಳು. ಹುಚ್ಚೆಳ್ಳನ್ನು ಅವರು ಹಾಗೆನ್ನುತ್ತಾರಂತೆ. ಆಮೇಲೆ ಇನ್ನೊಂದು ತುಂಡು ಹರಿದಳು. ಚಟ್ನಿ ಸುತ್ತಿ ಮಡಚಿದಳು. ಅದನ್ನು ತನ್ನ ಬಾಯಿಗೆ ಒಯ್ಯಲಿಲ್ಲ. ನನ್ನ ಬಾಯಿಯ ಮುಂದೆ ಹಿಡಿದಳು.

ಭಾವ ಫೋಟೋ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು.

"ಏಯ್, ಎಂಜಲು ಕಣಮ್ಮ ಅದು! ತಿಂದ ಕೈಯಾಗೆ ತಿನ್ನಿಸ್ತಾವ್ಳೆ" ಎಂದರು.

ಹುಡುಗಿ ಕೈ ಹಿಂದಕ್ಕೆ ತೆಗೆಯಲಿಲ್ಲ. ನಾನು ಬಾಯಿ ತೆರೆಯದಿದ್ದರೆ ಇದು ಇಲ್ಲಿಗೆ ಮುಗಿಯುತ್ತದೆ ಎಂದು ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತೋ ಗೊತ್ತಿಲ್ಲ. ಬೆಳಗಿನಿಂದ ನಾನು ಚಾಚಿ ಚಾಚಿ ಹಿಂದಕ್ಕೆ ತೆಗೆದುಕೊಂಡ ಕೈ ನನಗೆ ನೆನಪಿತ್ತು.

ಬಾಯಿ ತೆರೆದೆ. ತುತ್ತು ದೊಡ್ಡದಿತ್ತು. ಅಗಿಯುವಾಗ ಕಣ್ಣಲ್ಲಿ ನೀರು ಬಂತು. ಸಾವಿನ ದಿನದಿಂದ ಜನ ನನ್ನ ಮುಂದೆ ಊಟ ಇಟ್ಟು ದೂರ ಸರಿದು ನಿಂತಿದ್ದರು. ಬಾಯಿಗೆ ಯಾರೂ ಇಟ್ಟಿರಲಿಲ್ಲ.

ಹುಡುಗಿ ಮತ್ತೊಂದು ತುತ್ತು ಮಡಚಿ ಎದ್ದು ಭಾವನ ಮುಂದೆ ಹಿಡಿದಳು. ಅವರ ಎರಡು ಕೈಯಲ್ಲೂ ಫೋಟೋ.

"ಬ್ಯಾಡ, ಬ್ಯಾಡ. ನಂದಾಯ್ತು. ನೋ, ನೋ. ಅರೇ, ಹೇಳಮ್ಮಾ ಇವ್ಳಿಗೆ!"

"ನಂಗೆ ಇಂಗ್ಲಿಷ್ ಬರಲ್ಲ ಭಾವ" ಎಂದೆ.

ಅವರು ಹಿಂದೆ ಹಿಂದೆ ಸರಿದು ಸೋಫಾಕ್ಕೆ ತಾಕಿ ಕೂತರು. ತಿನ್ನಲಿಲ್ಲ. ಆದರೆ ನಕ್ಕರು.

ಸ್ವಲ್ಪ ಹೊತ್ತಿಗೆ ಅನಸೂಯಾ ಬಂದಳು. ನಾನು ಹಾಲಿನ ಮಾತು ಹೇಳಿದೆ. ಅವಳು ಹುಡುಗಿಯೊಡನೆ ಇಂಗ್ಲಿಷಿನಲ್ಲಿ ಮಾತಾಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಕ್ಕಾ, ಅವರ ಚರ್ಚಿನಲ್ಲಿ ಬುಧವಾರ, ಶುಕ್ರವಾರ ಉಪವಾಸ. ಮಧ್ಯಾಹ್ನ ಮೂರರವರೆಗೆ ನೀರೂ ಇಲ್ಲ. ಆಮೇಲೂ ಹಾಲು, ತುಪ್ಪ, ಮೊಟ್ಟೆ ಮುಟ್ಟಲ್ಲ. ನೀವು ಏನಂದ್ಕೊಂಡ್ರಿ?"

ನಾನು ಏನಂದುಕೊಂಡೆ ಎಂದು ಹೇಳಲಿಲ್ಲ.

"ಮತ್ತೆ ಬ್ಯಾಗು ಯಾಕೆ ಬಿಚ್ಚಿಲ್ಲವಂತೆ?" ಎಂದು ಭಾವ ಕೇಳಿದರು, ತೆಲುಗಿನಲ್ಲಿ.

ಅನಸೂಯಾ ಕೇಳಿ ಬಂದು ನನ್ನ ಕಡೆ ತಿರುಗಿದಳು. "ಯಾವ ಕೋಣೆ ಅಂತ ನೀವು ತೋರಿಸಲೇ ಇಲ್ಲವಂತೆ."

ನಿಜ. ಕೋಣೆ ನಮ್ಮವರದು. ಗುಡಿಸಿ ಹಾಸಿಗೆ ಹಾಕಿದ್ದೆ, ಆದರೆ ಬೆಳಗಿನಿಂದ ಬಾಗಿಲು ತೆಗೆದಿರಲಿಲ್ಲ. ನಾನು ಹೋಗಿ ಚಿಲಕ ತೆಗೆದೆ. ಬಾಗಿಲ ಹಿಂದೆ ಅವರ ಅಂಗಿ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡು ಹೆಗಲ ಮೇಲೆ ಹಾಕಿಕೊಂಡೆ. ಹುಡುಗಿ ಬ್ಯಾಗು ಎಳೆದುಕೊಂಡು ಒಳಗೆ ಹೋದಳು. ಜಿಪ್ಪು ಎಳೆದ ಸದ್ದು ಹಜಾರದವರೆಗೂ ಕೇಳಿಸಿತು.

ಭಾವ ಚಪ್ಪಲಿ ಮೆಟ್ಟಿಕೊಂಡರು. ಆಯಿತು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಮುಂದಿನ ತಿಂಗಳು ಬಂದು ನೋಡ್ತೀನಿ" ಎಂದರು. ಮೆಟ್ಟಿಲಲ್ಲಿ ನಿಂತು, "ಬುಧವಾರ ಬರಲ್ಲ ಬುಡವ್ವ, ಶುಕ್ರವಾರನೂ ಬರಲ್ಲ. ಉಪಾಸ ಕೆಡಿಸ್ದಂಗಾಗುತ್ತೆ" ಎಂದು ಹೇಳಿ ಇಳಿದುಹೋದರು.

ಫೋಟೋ ಸೋಫಾದ ಮೇಲೇ ಇತ್ತು. ನಾನು ಕುರ್ಚಿ ಹತ್ತಿದೆ. ಅದು ಅಲ್ಲಾಡಿತು. ಹುಡುಗಿ ಓಡಿ ಬಂದು ಎರಡೂ ಕೈಯಿಂದ ಹಿಡಿದುಕೊಂಡಳು. ಫೋಟೋವನ್ನು ಮೊಳೆಗೆ ಸಿಗಿಸಿದೆ.

ಬೆಳಗಿನ ಹಾಲು ಹಾಗೇ ಇತ್ತು. ಅದಕ್ಕೆ ಸಕ್ಕರೆ ಹಾಕಿದ್ದರಿಂದ ಹೆಪ್ಪು ಹಾಕಲಿಲ್ಲ. ನಾನೇ ಕುಡಿದೆ. ಅವಳಿಗೆ ನಾಳೆ ಬೇರೆ ಕಾಯಿಸುತ್ತೇನೆ. ನಾಳೆ ಶನಿವಾರ.