ಗಾಜು ಒರೆಸಿದ ಬೈರಾಸು

ನಮ್ಮ ಬಾಲ್ಕನಿಯ ಹಗ್ಗದ ಮೇಲೆ ಒಂದು ಬೈರಾಸು ಒಣಗುತ್ತಿದೆ. ಬೈರಾಸೆಂದರೆ ನಮ್ಮ ಕರಾವಳಿಯವರಿಗೆ ತಲೆ ಒರೆಸುವುದಕ್ಕೂ ಹೆಗಲಿಗೆ ಹಾಕಿಕೊಳ್ಳುವುದಕ್ಕೂ ಒಲೆಯಿಂದ ಬಿಸಿ ಪಾತ್ರೆ ಇಳಿಸುವುದಕ್ಕೂ ಒದಗುವ ತೆಳು ಹತ್ತಿಯ ಟವಲು. ಊರಿಗೆ ಹೋದವರೆಲ್ಲ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿ ಒಡೆಯದಂತೆ ಸುತ್ತುವ ನೆಪದಲ್ಲಿ ನಾಲ್ಕಾರು ಬೈರಾಸುಗಳನ್ನು ಮಸ್ಕತ್ತಿಗೆ ಸಾಗಿಸಿಕೊಂಡೇ ಬರುತ್ತಾರೆ. ಈ ಬೈರಾಸಿನ ನಟ್ಟನಡುವೆ ಕೊಡೆಯ ಕಡ್ಡಿಯಷ್ಟು ಅಗಲದ ಒಂದು ಕಪ್ಪು ಗೆರೆಯಿದೆ. ಸೋಡಾಪುಡಿಗೂ ನಿಂಬೆರಸಕ್ಕೂ ಅದು ಜಗ್ಗಿಲ್ಲ. ಇಲ್ಲಿ ನಮ್ಮ ಬಡಾವಣೆ ಅಲ್ ಅಜೈಬಾದ ಬಿಸಿಲಿಗೆ ಅಂಚಿನ ಕೆಂಪು ಮಾಸಿತು, ಗೆರೆ ಮಾಸಲಿಲ್ಲ. ನೀವು ನಮ್ಮ ಮನೆಗೆ ಬಂದರೆ ನೆಲ ಒರೆಸಲು ಹಾಕಬಾರದೇ ಎಂದು ಖಂಡಿತ ಕೇಳುತ್ತೀರಿ. ಹಾಗೆ ಕೇಳಿದವರ ಮೇಲೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಹೊಟ್ಟೆಪಾಡು ಸ್ವಲ್ಪ ವಿಚಿತ್ರದ್ದು. ಹೊಸದೇನನ್ನೋ ಕಂಡುಹಿಡಿದೆವೆಂದು ಪೇಟೆಂಟಿಗೆ ಅರ್ಜಿ ಹಾಕುವವರ ಕಾಗದಪತ್ರಗಳನ್ನು ಸಿದ್ಧಪಡಿಸುವ ಕಚೇರಿಯೊಂದರಲ್ಲಿ ಕುಳಿತು, ಅದೇ ವಸ್ತುವನ್ನು ಹಿಂದೆ ಬೇರೆ ಯಾರಾದರೂ ಕಂಡುಹಿಡಿದಿದ್ದಾರೆಯೇ ಎಂದು ಹಳೆಯ ಅರ್ಜಿಗಳನ್ನು ಕೆದಕುವುದು ನನ್ನ ಕೆಲಸ. ಕೆದಕುತ್ತ ಕೆದಕುತ್ತ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಕಳೆದ ಶತಮಾನದ ಆರಂಭದಲ್ಲಿ. ಆಗಿನ ಅರ್ಜಿಗಳಿಗೆ ಒಂದು ಅಡುಗೆಮನೆಯ ವಾಸನೆಯಿದೆ. ಕೋಟು ತೂಗುಹಾಕಲು ಕೊಕ್ಕೆ ಸಿಗದೆ ರೇಗಿದವನು ತಂತಿ ಬಗ್ಗಿಸಿ ಹ್ಯಾಂಗರ್ ಮಾಡಿದನಂತೆ. ಒಂದು ಲೋಟ ಚಹಾಕ್ಕೆ ಕೆಟಲು ತುಂಬ ಚಹಾ ಕುದಿಸಿ ಚೆಲ್ಲುವುದು ಸಾಕಾಗಿ ಇಬ್ಬರು ಹೆಂಗಸರು ಚಹಾಪುಡಿಗೆ ಬಟ್ಟೆಯ ಪುಟ್ಟ ಚೀಲ ಹೊಲಿದರು. ಪ್ರತಿಯೊಂದು ಅರ್ಜಿಯ ತಳದಲ್ಲಿಯೂ ಒಂದು ಗೊಣಗಾಟವಿದೆ, ದಿನವೂ ಅನುಭವಿಸಿ ಅನುಭವಿಸಿ ಇನ್ನು ನನ್ನಿಂದಾಗದು ಎಂದು ಎದ್ದು ನಿಂತ ಒಬ್ಬ ಮನುಷ್ಯನ ಗೊಣಗಾಟ. ಹೆಂಗಸಾದ ನನಗೆ ಆ ಭಾಷೆ ಬೇಗ ಅರ್ಥವಾಗುತ್ತದೆ.

ಅವುಗಳಲ್ಲಿ ನನಗೆ ಬಹಳ ಹತ್ತಿರದ್ದು ಕಾರಿನ ವೈಪರಿನದು. ಅದಕ್ಕೆ ಪೇಟೆಂಟು ಪಡೆದವಳು ಬೆಚ್ಚಗಿನ ಸೀಮೆಯಿಂದ ಚಳಿಯ ಊರಿಗೆ ಹೋಗಿದ್ದ ಹೆಂಗಸು. ಟ್ರಾಮಿನಲ್ಲಿ ಕುಳಿತಿದ್ದಾಳೆ, ಹಿಮ ಬಿದ್ದು ಮುಂದಿನ ಗಾಜು ಮುಚ್ಚಿಹೋಗಿದೆ, ಚಾಲಕ ದಾರಿ ಕಾಣದೆ ಗಾಜು ತೆರೆದು ಆ ಕೊರೆಯುವ ಗಾಳಿಗೆ ಮುಖವೊಡ್ಡಿ ಓಡಿಸುತ್ತಿದ್ದಾನೆ. ಉಳಿದ ಪ್ರಯಾಣಿಕರೆಲ್ಲ ನಡುಗುತ್ತ ಅದನ್ನೇ ನೋಡುತ್ತಿದ್ದರು, ಇವಳೊಬ್ಬಳು ಮನೆಗೆ ಹೋಗಿ ಚಿತ್ರ ಬರೆದಳು: ಒಳಗೊಂದು ಹಿಡಿ, ಹೊರಗೊಂದು ಕೈ, ಆ ಕೈಗೆ ರಬ್ಬರು. ಪೇಟೆಂಟೂ ಬಂತು. ಆದರೆ ಅದನ್ನು ಕೊಳ್ಳಿ ಎಂದು ಕಂಪನಿಯೊಂದನ್ನು ಕೇಳಿದಾಗ, ಇದರಿಂದ ನಮಗೆ ಲಾಭವೇನೂ ತೋರುತ್ತಿಲ್ಲ ಎಂಬರ್ಥದ ಉತ್ತರ ಬಂತು. ಪೇಟೆಂಟಿನ ಅವಧಿ ಮುಗಿಯಿತು. ಆಮೇಲೆ ಜಗತ್ತಿನ ಕಾರುಗಳೆಲ್ಲ ವೈಪರು ಹಾಕಿಕೊಂಡು ಓಡಿದವು. ಅಂಥ ಉತ್ತರಗಳನ್ನು ಸೌಜನ್ಯದ ಭಾಷೆಯಲ್ಲಿ ಹೇಗೆ ಬರೆಯುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಅದನ್ನೇ ಎರಡು ಮಾತಿನಲ್ಲಿ ಹೇಳುತ್ತಾರೆ.

ಇಷ್ಟು ಓದಿಕೊಂಡವಳಾಗಿಯೂ ನಮ್ಮ ಕಾರಿನ ವೈಪರನ್ನು ನಾನು ವರ್ಷಗಟ್ಟಲೆ ಕಣ್ಣೆತ್ತಿ ನೋಡಿರಲಿಲ್ಲ. ಒಮಾನಿನಲ್ಲಿ ಯಾರು ನೋಡುತ್ತಾರೆ, ಹೇಳಿ? ಇಲ್ಲಿನ ಬಿಸಿಲಿನಲ್ಲಿ ಕಾರು ನಿಲ್ಲಿಸುವಾಗ ರಬ್ಬರು ಗಾಜಿಗೆ ಅಂಟದಿರಲೆಂದು ಕೆಲವರು ಅದರ ಕೈಯನ್ನು ಎತ್ತಿ ನಿಲ್ಲಿಸುತ್ತಾರೆ, ನಮ್ಮ ಯಜಮಾನರು ಅದನ್ನೂ ಮಾಡುವವರಲ್ಲ. ಊರಿನಲ್ಲಾದರೆ ಮುಂಗಾರಿಗೆ ಮೊದಲು ಕೊಡೆ ರಿಪೇರಿಯಾಗಬೇಕು, ಸೌದೆ ಒಳಗೆ ಸೇರಬೇಕು, ಹಪ್ಪಳ ಒಣಗಿ ಡಬ್ಬಿ ತುಂಬಬೇಕು. ಅಲ್ಲಿ ಮಳೆಗೆ ಅಷ್ಟು ಹೆದರಿ ಬದುಕಿದ ಜನ ಇಲ್ಲಿಗೆ ಬಂದ ಮೇಲೆ, ಮಳೆ ನಮ್ಮ ನೆಂಟ, ನಮಗೇನು ಮಾಡೀತು ಎಂಬ ಸಲಿಗೆಗೆ ಬೀಳುತ್ತೇವೆ. ಆ ಸಲಿಗೆಯೇ ನಮ್ಮನ್ನು ಅವತ್ತು ವಾದಿಯ, ಅಂದರೆ ಮಳೆ ಬಂದಾಗ ಮಾತ್ರ ತುಂಬಿ ಹರಿಯುವ ಇಲ್ಲಿನ ಒಣಹೊಳೆಯ, ಬಾಯಿಗೆ ಒಯ್ದದ್ದು.

ಅವತ್ತು ಶುಕ್ರವಾರ, ಗುಡ್ಡಗಳಾಚೆ ನಾಲ್ಕು ಗಂಟೆ ದೂರದ ಬುರೈಮಿಯಲ್ಲಿ ನಮ್ಮ ಮಗಳು ಶ್ರುತಿಯ ಸೀಮಂತ. ಅಳಿಯನಿಗೆ ಅಲ್ಲೇ ಕೆಲಸ, ಅಲ್ಲೇ ಮನೆ. ಚೊಚ್ಚಲ ಹೆರಿಗೆಗೆ ಮಗಳನ್ನು ನಾವು ಮಸ್ಕತ್ತಿಗೆ ಕರೆತರಬೇಕು. ಸೀಮಂತವಾದ ಹುಡುಗಿ ಮತ್ತೆ ಆ ರಾತ್ರಿ ಗಂಡನ ಮನೆಯಲ್ಲಿ ಮಲಗಬಾರದು, ಅದೇ ದಿನ ಹೊರಡಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಊರಿಂದ ವಿಡಿಯೋ ಕಾಲಿನಲ್ಲಿ ಕುಳಿತಿದ್ದ ಬೀಗಿತ್ತಿ ಅದನ್ನು ಮತ್ತೆ ಮತ್ತೆ ನೆನಪಿಸುತ್ತಲೇ ಇದ್ದರು. ಊಟಕ್ಕೆ ಬಂದಿದ್ದ ಹಮೀದಾಕ, ಬುರೈಮಿಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ನಮ್ಮ ಪುತ್ತೂರಿನ ಹಳೆಯ ನೆರೆಯವರು, ಕೈ ತೊಳೆದು ಬಂದವರೇ ನಮ್ಮವರನ್ನು ಪಕ್ಕಕ್ಕೆ ಕರೆದರು.

"ಸದಾನಂದಣ್ಣ, ಗುಡ್ಡದ ಕಡೆ ಭಾರೀ ಮಳೆ ಅಂತ ಮೊಬೈಲಿಗೆ ಮೆಸೇಜು ಬಂದುಂಟು. ಇವತ್ತು ನಿಂತು ನಾಳೆ ಹೋಗಿ ಮಾರಾಯ್ರೆ."

"ನಿಲ್ಲುದು ಹೇಗೆ ಹಮೀದಾಕ? ಸೀಮಂತ ಆದ ಹುಡುಗಿ ಇವತ್ತು ಈ ಮನೆಯಲ್ಲಿ ಮಲಗ್ಲಿಕ್ಕಿಲ್ಲ."

"ಹಾಗಾದ್ರೆ ವೈಪರಾದ್ರೂ ಬದಲಿಸಿ. ರಬ್ಬರು ಪೂರಾ ಹೋಗಿದೆ. ನಾನು ಅಂಗಡಿ ತೆರೆದು ಕೊಡ್ತೇನೆ."

ನಮ್ಮವರು ನಕ್ಕರು. "ಊರಿನ ಆಟಿ ತಿಂಗಳ ಮಳೆಯಲ್ಲಿ ಗಾಡಿ ಬಿಟ್ಟವ ನಾನು. ಇಲ್ಲಿಯದ್ದು ಎಂತ ಮಳೆ?"

ಆ ನಗು ನನಗೆ ಹಿಡಿಸಲಿಲ್ಲ. ಆದರೂ ನಾನು ಸುಮ್ಮನೆ ಕಾರು ಹತ್ತಿದೆ, ಯಾಕೆಂದರೆ ಬೀಗಿತ್ತಿಯ ಮುಖ ಇನ್ನೂ ಫೋನಿನಲ್ಲಿತ್ತು.

ಗುಡ್ಡಗಳ ನಡುವೆ ಬಂದಾಗ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ತನಗೆ ಹಳೆಯ ದಾರಿ ಗೊತ್ತೆಂದು ನಮ್ಮವರು ಪಕ್ಕದ ರಸ್ತೆಗೆ ತಿರುಗಿಸಿದರು. ಮೋಡ ಕವಿದು, ಸಂಜೆಗೂ ಮೊದಲೇ ಕತ್ತಲಾದಂತಾಯಿತು. ಮೊದಲ ಹನಿಗಳು ಬಿದ್ದಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ಮೂವರಿಗೂ ಖುಷಿಯಾಯಿತು. ಶ್ರುತಿ ಕಿಟಕಿ ಇಳಿಸಿ ಕೈ ಚಾಚಿದಳು. ನೋಡನೋಡುತ್ತಿದ್ದಂತೆ ಮಳೆ ಸುರಿಯಿತು, ಬೆಟ್ಟದ ಕೆಂಪು ಮಣ್ಣು ಗಾಜಿಗೆ ರಾಚಿತು, ನಮ್ಮವರು ವೈಪರು ಹಾಕಿದರು. ಅದು ಎರಡು ಸಲ ಆಚೀಚೆ ಆಡಿತು. ಮೂರನೆಯ ಸಲಕ್ಕೆ ಅವರ ಬದಿಯ ರಬ್ಬರು ಹಾವಿನ ಪೊರೆಯ ಹಾಗೆ ಸುಲಿದು ಹಾರಿಹೋಗಿ, ಬರಿಯ ಲೋಹ ಗಾಜನ್ನು ಕರಕರ ಕೆರೆಯತೊಡಗಿತು. ನನ್ನ ಬದಿಯದ್ದು ಕೆಸರನ್ನು ಇನ್ನಷ್ಟು ಹರಡಿತು.

ಏನೂ ಕಾಣುತ್ತಿಲ್ಲ. ಒಂದು ಬದಿಯಲ್ಲಿ ಗುಡ್ಡದಿಂದ ಸಣ್ಣ ಕಲ್ಲುಗಳು ಉರುಳುತ್ತಿವೆ, ಇನ್ನೊಂದು ಬದಿಯಲ್ಲಿ ಏನಿದೆಯೋ ಗೊತ್ತಿಲ್ಲ. ನಮ್ಮವರು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ, ಕಣ್ಣು ಕಿರಿದು ಮಾಡಿಕೊಂಡು, ಕಾರನ್ನು ತೆವಳಿಸುತ್ತಿದ್ದಾರೆ. ಅವರ ಕುತ್ತಿಗೆಯ ಮೇಲೆ ನೀರು ಇಳಿಯುತ್ತಿತ್ತು. ಇದೇ ಚಿತ್ರವನ್ನು ನಾನು ಓದಿದ್ದೆ. ಊರು ಬೇರೆ, ಕಾಲ ಬೇರೆ, ಚಾಲಕ ಅದೇ ರೀತಿ ತಲೆ ಹೊರಗೆ ಹಾಕಿದ್ದ. ಹಿಂದಿನ ಸೀಟಿನಲ್ಲಿ ಶ್ರುತಿ ಹಸಿರು ಸೀರೆಯ ಮೇಲೆ ಎರಡೂ ಕೈಯಿಟ್ಟು ಹೊಟ್ಟೆ ಹಿಡಿದುಕೊಂಡಿದ್ದಳು.

"ಪಪ್ಪಾ, ಪ್ಲೀಸ್ ಸ್ಟಾಪ್," ಎಂದಳು. ಮಸ್ಕತ್ತಿನ ಶಾಲೆಯಲ್ಲಿ ಓದಿದ ಹುಡುಗಿ, ಹೆದರಿದಾಗ ಇಂಗ್ಲಿಷೇ ಬರುವುದು.

"ಇಲ್ಲಿ ನಿಲ್ಸಿದ್ರೆ ಮೇಲಿಂದ ಕಲ್ಲು ಬಿದ್ದೀತು. ಸ್ವಲ್ಪ ಮುಂದೆ ಇಳಿಜಾರು ಉಂಟು, ಅದು ದಾಟಿದ್ರೆ ಆಯ್ತು."

"ನಿಲ್ಲಿಸಿ," ಎಂದೆ ನಾನು. "ಬೈರಾಸು ಕಟ್ತೇನೆ."

"ಎಂತದ್ದು?"

"ಪಾಯಸದ ಪಾತ್ರೆಗೆ ಸುತ್ತಿದ ಬೈರಾಸು ಉಂಟಲ್ಲ, ಅದನ್ನು ವೈಪರಿಗೆ ಸುತ್ತಿ ಪಿನ್ನು ಹಾಕ್ತೇನೆ."

"ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ತಿ. ಸುಮ್ಮನೆ ಕೂತ್ಕೊ."

ಮನೆಯಲ್ಲಿ ಎರಡು ಮಾತಿನಲ್ಲಿ ಹೇಳುತ್ತಾರೆ ಎಂದೆನಲ್ಲ, ಇದೇ. ಇಷ್ಟು ವರ್ಷಗಳ ಸಂಸಾರದಲ್ಲಿ ಆ ಮಾತು ಕೇಳಿ ನಾನು ಎಷ್ಟೋ ಸಲ ಸುಮ್ಮನೆ ಕೂತಿದ್ದೇನೆ, ಕೂತದ್ದರಿಂದ ಅಂಥ ನಷ್ಟವೂ ಆಗಿರಲಿಲ್ಲ. ಅವತ್ತು ನನ್ನ ಮಗಳು ಹಿಂದೆ ಕೂತು ಒಂದೇ ಸಮನೆ ಉಸಿರೆಳೆಯುತ್ತಿದ್ದಳು. ನಾನು ಓಡುತ್ತಿದ್ದ ಕಾರಿನ ಬಾಗಿಲು ತೆರೆದೆ. ಗತ್ಯಂತರವಿಲ್ಲದೆ ಅವರು ಬ್ರೇಕು ಒತ್ತಿದರು, ಬೈದರು, ನಾನು ಇಳಿದೆ.

ರೇಷ್ಮೆ ಸೀರೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತು. ಏಲಕ್ಕಿಯ ವಾಸನೆಯ ಬೈರಾಸನ್ನು ಅವರ ಬದಿಯ ವೈಪರಿನ ಉದ್ದಕ್ಕೂ ಬಿಗಿಯಾಗಿ ಸುತ್ತಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೂ ಸೆರಗಿನ ಪಿನ್ನನ್ನೂ ಕಿತ್ತು ಚುಚ್ಚಿದೆ. ಬೆರಳಿಗೂ ಚುಚ್ಚಿಕೊಂಡೆ. ಏನೋ ಮೊರೆಯುವ ಸದ್ದು ಮುಂದುಗಡೆಯಿಂದ ಕೇಳುತ್ತಿತ್ತು, ಮುಖಕ್ಕೆ ರಾಚುವ ಮಳೆಗೆ ತಲೆಯೆತ್ತಲಾಗದೆ ಅದು ಮಳೆಯ ಸದ್ದೆಂದೇ ತಿಳಿದೆ. ಓಡಿ ಬಂದು ಒಳಗೆ ಕುಳಿತು "ಹಾಕಿ" ಎಂದೆ.

ಮೋಟಾರು ನರಳಿತು. ಬೈರಾಸು ಭಾರವಾಗಿ, ಒಲ್ಲದ ಮನಸ್ಸಿನಿಂದ ಎದ್ದು ಗಾಜಿನ ಮೇಲೆ ಒಂದು ಸುತ್ತು ಹೋಯಿತು; ಕೆಸರು ಕದಡಿತು. ಇನ್ನೊಂದು ಸುತ್ತು ಬಂತು. ಗಾಜಿನಲ್ಲಿ ಒಂದು ಮೊರದಷ್ಟು ಜಾಗ ತಿಳಿಯಾಯಿತು, ಮೂವರೂ ಆ ಮೊರದಷ್ಟು ಜಾಗದೊಳಗಿಂದ ಮುಂದೆ ನೋಡಿದೆವು.

ವಾದಿ ದಾಟುವ ಕಡೆ ರಸ್ತೆಯಂಚಿಗೆ ಕೆಂಪು ಬಿಳಿ ಬಣ್ಣದ ಕಂಬಗಳನ್ನು ನೆಟ್ಟಿರುತ್ತಾರೆ, ನೀರು ಎಷ್ಟು ಏರಿದೆಯೆಂದು ತಿಳಿಯಲು. ಮೊದಲ ಕಂಬ ನಮ್ಮ ಬಾನೆಟ್ಟಿನ ಪಕ್ಕದಲ್ಲೇ ಪೂರ್ತಿ ಕಾಣುತ್ತಿತ್ತು. ಎರಡನೆಯದರ ತಲೆ ಮಾತ್ರ ಕಂಡಿತು. ಅದರಾಚೆ ಕಂಬಗಳಿರಲಿಲ್ಲ, ರಸ್ತೆಯೂ ಇರಲಿಲ್ಲ. ಕಂದು ನೀರು ಒಂದು ಖರ್ಜೂರದ ಮರವನ್ನು ಬುಡಸಮೇತ ಹೊರಳಿಸಿಕೊಂಡು ನಮ್ಮ ಮುಂದೆಯೇ ಹಾದುಹೋಯಿತು. ನಮ್ಮವರು ಹೇಳಿದ ಇಳಿಜಾರು ಅದೇ.

ಗೇರನ್ನು ಹಿಂದಕ್ಕೆ ಹಾಕಲು ಹೋದ ಅವರ ಕೈ ಎರಡು ಸಲ ತಪ್ಪಿತು. ನನಗೆ ಅವರ ಮೇಲೆ ಭಯಂಕರ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಅವರ ಕೈಯನ್ನು ಹಿಡಿದುಕೊಳ್ಳಬೇಕೆಂಬ ಆಸೆ. ಹಿಡಿದುಕೊಂಡೆ. ಕಾರು ಹಿಂದೆ ಸರಿಯಿತು. ಬುರೈಮಿ ಮುಟ್ಟುವವರೆಗೆ ಬೈರಾಸು ಆಡುತ್ತಲೇ ಇತ್ತು, ವೈಪರಿನ ಜಿಡ್ಡನ್ನೂ ಮಸಿಯನ್ನೂ ಹೀರಿಕೊಳ್ಳುತ್ತ.

ಆದರೆ ಬುರೈಮಿಯಲ್ಲಿ ಎಲ್ಲಿಗೆ ಹೋಗುವುದು? ಮಗಳು ಗಂಡನ ಮನೆಯಲ್ಲಿ ಮಲಗುವಂತಿಲ್ಲ, ತವರಿಗೆ ದಾರಿಯಿಲ್ಲ. ಸಾವಿನ ಬಾಯಿಂದ ತಿರುಗಿ ಬಂದ ಮೇಲೂ ನಮ್ಮವರು ಹಮೀದಾಕನಿಗೆ ಫೋನು ಮಾಡಿ ಈ ಸಮಸ್ಯೆಯನ್ನೇ ಹೇಳಿದರೆಂದರೆ ನೀವು ನಂಬಬೇಕು. ಹಮೀದಾಕ ತಮ್ಮ ಮನೆಯ ಗೇಟಿನ ಹತ್ತಿರ ಕೊಡೆ ಹಿಡಿದು ಕಾಯುತ್ತಿದ್ದರು.

"ಇದು ಗಂಡನ ಮನೆ ಅಲ್ವಲ್ಲ? ನಾನು ಎತ್ತಿ ಆಡಿಸಿದ ಮಗು, ಇಲ್ಲಿ ಮಲಗ್ಲಿ. ತವರಿಗೆ ನಾಳೆ ಹೋಗ್ಲಿ. ಖಲಾಸ್."

ಎಷ್ಟು ಸರಳ! ಮಧ್ಯಾಹ್ನವೇ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಪೇಟೆಂಟಿನ ಅರ್ಜಿಗಳಿಗೆ ಎತ್ತುವ ಆಕ್ಷೇಪಗಳಲ್ಲಿ ಒಂದು ಹೀಗಿರುತ್ತದೆ: ಇದು ಯಾರಿಗಾದರೂ ಹೊಳೆಯುವಂಥದ್ದು, ಇದರಲ್ಲಿ ಹೊಸತೇನಿಲ್ಲ. ತಂತಿಯ ಹ್ಯಾಂಗರು, ಚಹಾದ ಚೀಲ, ರಬ್ಬರಿನ ಕೈ, ಎಲ್ಲವೂ ಆದ ಮೇಲೆ ಇಷ್ಟೇ ತಾನೇ ಎನಿಸುವಂಥವೇ. ಆಗುವುದಕ್ಕೆ ಮೊದಲು ಆ ಟ್ರಾಮಿನಲ್ಲಿ ಎಷ್ಟು ಜನ ಕುಳಿತಿದ್ದರು, ಎಷ್ಟು ಚಳಿಗಾಲಗಳು ಕಳೆದಿದ್ದವು ಎಂದು ಯಾರೂ ಕೇಳುವುದಿಲ್ಲ. ಕೊಳ್ಳುವುದಿಲ್ಲವೆಂಬ ಉತ್ತರ ಕೈಯಲ್ಲಿ ಹಿಡಿದು ಆ ಹೆಂಗಸು ಅವತ್ತು ಏನು ಮಾಡಿದಳೋ ನನಗೆ ತಿಳಿಯದು. ಅವಳಿಗೆ ಕಾರಿನ ಬಾಗಿಲು ತೆರೆದು ಇಳಿಯುವ ಅವಕಾಶವಿರಲಿಲ್ಲ, ನನಗಿತ್ತು, ವ್ಯತ್ಯಾಸ ಅಷ್ಟೇ.

ಶ್ರುತಿಗೆ ಹೆಣ್ಣುಮಗು ಹುಟ್ಟಿತು. ಹಸುಗೂಸಿಗೆ ಹೊಸ ಬಟ್ಟೆ ಹಾಕಬಾರದು, ತೊಳೆದು ತೊಳೆದು ಮೆತ್ತಗಾದ ಹಳೆಯ ಬಟ್ಟೆಯೇ ಆಗಬೇಕೆಂದು ಬೀಗಿತ್ತಿ ಫೋನಿನಲ್ಲಿ ಹೇಳಿದರು. ಈ ಒಂದು ಪದ್ಧತಿಯನ್ನು ನಾನು ಮನಸಾರೆ ಒಪ್ಪಿಕೊಂಡೆ. ಬೈರಾಸನ್ನು ಕುದಿಯುವ ನೀರಿನಲ್ಲಿ ಅದ್ದಿ, ಒಣಗಿಸಿ, ಕೂಸಿಗೆ ಸುತ್ತಿದೆ. ಕಪ್ಪು ಗೆರೆ ಅದರ ಪುಟ್ಟ ಎದೆಯ ಮೇಲೆ ಅಡ್ಡಡ್ಡ ಬರುತ್ತದೆ.

ನಾಳೆ ಮಗುವನ್ನು ಬುರೈಮಿಗೆ, ಅಪ್ಪನ ಮನೆಗೆ ಕರೆದೊಯ್ಯಬೇಕು. ಹೊಸ ವೈಪರು ಹಾಕಿಸಿಯಾಗಿದೆ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ವಾದಿಯ ಮಾತನ್ನು ನಮ್ಮವರು ಇದುವರೆಗೆ ಎತ್ತಿಲ್ಲ, ನಾನೂ ಕೆದಕಿಲ್ಲ. ಈಗ ತಾನೇ ಬಾಲ್ಕನಿಗೆ ಬಂದು ಹಗ್ಗದ ಮೇಲಿನ ಬೈರಾಸನ್ನು ಮುಟ್ಟಿ ನೋಡಿದರು.

"ಒಣಗಿತಾ? ನಾಳೆ ಕಾರಲ್ಲಿ ಬೇಕು."

"ಅದು ಕೂಸಿಗೆ ಸುತ್ಲಿಕ್ಕೆ," ಎಂದೆ.

ಅವರು ಒಳಗೆ ಹೋದರು, ಕಪಾಟು ತೆರೆದು ಮುಚ್ಚಿದ ಸದ್ದಾಯಿತು. ಇನ್ನೊಂದು ಬೈರಾಸು ತಂದು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನನಗೆ ತೋರಿಸಿದರು.

"ಇದು ಆದೀತಾ?"

ನಾನು ಅದರ ತುದಿ ಹಿಡಿದು ಒಮ್ಮೆ ಜಗ್ಗಿ ನೋಡಿದೆ. "ಆದೀತು," ಎಂದೆ, ಬಳೆಯಿಂದ ಎರಡು ಪಿನ್ನು ಕಳಚಿ ಅವರ ಅಂಗೈಯಲ್ಲಿಟ್ಟೆ.