ರಾಮೇಶ್ವರದ್ದಲ್ಲದ ಮರಳು

ಲಲಿತತ್ತೆ, ನಾನು ನಿಮಗೆ ತಂದುಕೊಟ್ಟ ಮರಳು ರಾಮೇಶ್ವರದ್ದಲ್ಲ. ಅದನ್ನು ತುಂಬಿಕೊಂಡದ್ದು ಕೇರಳದಲ್ಲಿ, ಗೋಪಾಲಣ್ಣನ ಬಂಗಲೆಯ ಹಿಂದಿನ ಕಡಲ ದಂಡೆಯಲ್ಲಿ. ಆ ಸಲದ ಪ್ರವಾಸದಲ್ಲಿ ನಾನು ರಾಮೇಶ್ವರಕ್ಕೆ ಹೋಗಲೇ ಇಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಗೋಡೆಗೆ ನಕ್ಷೆ ತೂಗುಹಾಕಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಪಾಠ ಮಾಡಿದವಳು ನಾನು. ಮಾತಿಗೆ ಎಂದೂ ತಡವರಿಸಿದವಳಲ್ಲ. ತಪ್ಪು ಹೇಳಿದರೂ ಗಟ್ಟಿಯಾಗಿಯೇ ಹೇಳುವುದು ನನ್ನ ಅಭ್ಯಾಸ — ಈ ಅಭ್ಯಾಸವೇ ನಿಮಗೆ ಮುಳುವಾಯಿತು.

ನೀವು ಒಪ್ಪಿಸಿದ ಕೆಲಸ ನಿಮಗೆ ನೆನಪಿದ್ದೇ ಇರುತ್ತದೆ. ನಾನೂ ಮರೆತಿಲ್ಲ. ಆಗ ಮಾವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಜಯನಗರದ ಆ ಮನೆಯಿಂದ ನೀವು ತರಕಾರಿಗೆ ಹೋಗುವುದೇ ದೊಡ್ಡ ಮಾತಾಗಿತ್ತು. ಕಾಶಿಗೆ ಹೋಗಬೇಕೆಂಬುದು ಮಾವನ ಬಹುದಿನದ ಆಸೆ. ರಾಮೇಶ್ವರದ ಮರಳನ್ನು ಒಯ್ದು ಪ್ರಯಾಗದ ತ್ರಿವೇಣಿಯಲ್ಲಿ ಬಿಟ್ಟು, ಅಲ್ಲಿಂದ ಗಂಗೆಯನ್ನು ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿಸಿದರೇ ಕಾಶಿಯಾತ್ರೆ ಪೂರ್ತಿ ಎಂದು ಅವರು ಹೇಳುತ್ತಿದ್ದರು. ನಾವು ಗಂಡ ಹೆಂಡತಿ ಬೇಸಿಗೆ ರಜೆಯಲ್ಲಿ ದಕ್ಷಿಣದ ಕಡೆ ದೊಡ್ಡ ಪ್ರವಾಸ ಹೊರಟಿದ್ದೇವೆ ಎಂದು ತಿಳಿದಾಗ ನೀವು ಮನೆಯ ಪುರೋಹಿತರನ್ನು ಕೇಳಿದಿರಿ. ಅಣ್ಣನ ಮಗಳು ತಂದರೆ ದೋಷವಿಲ್ಲ ಎಂದರಂತೆ. ಮಾವನ ಒಗೆದ ಪಂಚೆಯ ಅಂಚು ಹರಿದು ನನ್ನ ಕೈಗಿಟ್ಟಿರಿ.

"ಇದ್ರಲ್ಲೇ ಕಟ್ಕೊಂಡು ಬಾರೇ ವತ್ಸಲಾ. ಇವರೇ ಹೋಗಿ ತಂದ ಹಾಗಾಗತ್ತೆ," ಅಂದಿರಿ.

ಮಂಚದ ಮೇಲಿಂದ ಮಾವ ನನ್ನನ್ನೇ ನೋಡುತ್ತಿದ್ದರು. ಖಂಡಿತ ತರುತ್ತೇನೆ ಎಂದು ಅವರ ಕಡೆ ತಿರುಗಿಯೇ ಹೇಳಿದೆ.

ಉಡುಪಿ, ಗುರುವಾಯೂರು ಎಂದು ಸುತ್ತಿ ಸುತ್ತಿ, ರೈಲು ಬಸ್ಸುಗಳಲ್ಲಿ ಮೈ ಹಣ್ಣಾಗಿ ನಾವು ಗೋಪಾಲಣ್ಣನ ಮನೆ ಸೇರಿದೆವು. ದೊಡ್ಡಮ್ಮನ ಮಗ ಗೋಪಾಲಣ್ಣನನ್ನು ನೀವು ಬಲ್ಲಿರಿ. ಗೋಡಂಬಿ ವ್ಯಾಪಾರದಲ್ಲಿ ಕುದುರಿಕೊಂಡು ಕಡಲ ಪಕ್ಕದಲ್ಲೇ ಮನೆ ಕಟ್ಟಿಸಿದವನು. ಕೆಂಪು ಹೆಂಚು, ಮೂರು ಕಡೆ ಜಗಲಿ, ಸುತ್ತ ತೆಂಗು, ದಾಸವಾಳ. ಹಿಂದಿನ ಗೇಟು ತೆಗೆದರೆ ಸಮುದ್ರ. ಬೆತ್ತದ ಉಯ್ಯಾಲೆಯಲ್ಲಿ ಕೂತರೆ ಅತ್ತಿಗೆ ಕಾಫಿಯನ್ನು ಕೈಗೇ ತಂದುಕೊಡುತ್ತಿದ್ದರು. ಮದುವೆಯಾದಂದಿನಿಂದ ಯಾರೂ ನನಗೆ ಹಾಗೆ ಕೂತಲ್ಲಿಗೆ ಕಾಫಿ ತಂದುಕೊಟ್ಟಿರಲಿಲ್ಲ. ಊಟ ಮಾಡಿ ಮಲಗುತ್ತಿದ್ದೆ, ಎದ್ದು ಅಲೆಯಲ್ಲಿ ಕಾಲು ನೆನೆಸಿ ಬಂದು ಮತ್ತೆ ಮಲಗುತ್ತಿದ್ದೆ. ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ, ಆ ಸುಖದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಬೇಕಿತ್ತು ನನಗೆ, ಅನುಭವಿಸಿದೆ.

ಎರಡು ದಿನವೆಂದು ಹೋದವರು ವಾರ ಉಳಿದೆವು. ಮುಂದಿನ ದಾರಿ ಕನ್ಯಾಕುಮಾರಿ, ರಾಮೇಶ್ವರ, ಮದುರೆ. ಮತ್ತೆ ಸೂಟ್‌ಕೇಸು ಹೊರುವುದು, ಮತ್ತೆ ಛತ್ರದಲ್ಲಿ ನೀರಿಗೆ ಕಾಯುವುದು — ನೆನೆಸಿಕೊಂಡರೇ ಕಾಲು ಸೋಲುತ್ತಿತ್ತು. ಶ್ರೀಧರ್ ಹೊರಡಲು ತಯಾರಿದ್ದರು, ಅವರ ಮೇಲೆ ಹಾಕುವಂತಿಲ್ಲ. ಇನ್ನೂ ಇದ್ದು ಇಲ್ಲಿಂದಲೇ ಬೆಂಗಳೂರಿಗೆ ವಾಪಸ್ಸು ಹೋಗೋಣ ಎಂದವಳು ನಾನು. ಹಾಗಾದರೆ ಅತ್ತೆಯ ಮರಳು, ಎಂದು ಕೇಳಿದರು.

"ಸಮುದ್ರ ಎಲ್ಲಾ ಕಡೆ ಒಂದೇರೀ," ಅಂದೆ.

ಅರಬ್ಬೀ ಸಮುದ್ರವೇ ಬೇರೆ, ಬಂಗಾಳ ಕೊಲ್ಲಿಯೇ ಬೇರೆ ಎಂದು ವರ್ಷ ವರ್ಷ ಪಾಠ ಹೇಳಿದವಳ ಮಾತು ಇದು. ಹೊರಡುವ ದಿನ ಬೆಳಿಗ್ಗೆ ಹಿಂದಿನ ಗೇಟಿನಾಚೆ ಹೋಗಿ ಎರಡು ಬೊಗಸೆ ಮರಳು ತುಂಬಿ, ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದೆ. ಅಲ್ಲಿಯ ಮರಳು ಕಪ್ಪು. ನೀವು ಬಾಗಿಲಲ್ಲೇ ಅದನ್ನು ಕಣ್ಣಿಗೊತ್ತಿಕೊಂಡಿರಿ, ಮಾವನ ಎದೆಯ ಮೇಲೆ ಇಟ್ಟಿರಿ. ಅವರಿಗೆ ಕಣ್ಣೀರು ಬಂತು. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಮಾವ ಹೋದರು. ವರ್ಷ ಕಳೆದ ಮೇಲೆ ನೀವು ಯಾತ್ರೆಯವರ ಜೊತೆ ಕಾಶಿಗೆ ಹೊರಟಿರಿ. ಪ್ರಯಾಗದಲ್ಲಿ ದೋಣಿಯಿಂದ ಬಗ್ಗಿ ಮರಳು ಬಿಡುವಾಗ ಹಿಡಿದಿದ್ದ ಮಾವನ ಕೈಯನ್ನು ಬಿಟ್ಟ ಹಾಗಾಯಿತು ಎಂದು ಬಂದು ಹೇಳಿದಿರಿ. ನಿಮ್ಮ ಮುಖ ಅಷ್ಟು ತಿಳಿಯಾಗಿದ್ದುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಗಂಗೆಯ ಅಭಿಷೇಕ ಉಳಿದಿತ್ತು. ಅದಕ್ಕೆ ನಾನೇ ಜೊತೆಗೆ ಬರಬೇಕು ಎಂದು ನೀವು ಹಟ ಹಿಡಿದಿರಿ. ಶ್ರೀಧರ್ ಕೂಡ ಹೊರಟರು. ಹೀಗೆ ನಾನು ಮೊದಲ ಬಾರಿಗೆ ರಾಮೇಶ್ವರ ನೋಡಿದ್ದು, ಎರಡನೇ ಬಾರಿ ಬಂದವಳ ಹಾಗೆ ನಟಿಸುತ್ತಾ. ಅಭಿಷೇಕ ಮುಗಿಸಿ ಕಡಲಿಗೆ ಬಂದೆವು. ನೀನು ಮರಳು ತೆಗೆದ ಜಾಗ ತೋರಿಸು ಎಂದಿರಿ. ಇಲ್ಲೇ ಎಂದು ಕೈ ತೋರಿಸಿದೆ. ನೀವು ಕಷ್ಟಪಟ್ಟು ಬಗ್ಗಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ ನೋಡಿದಿರಿ.

"ಇದು ಬೆಳ್ಳಗಿದೆ. ನೀನು ತಂದಿದ್ದು ಕಪ್ಪಗಿತ್ತಲ್ಲೇ."

"ಅಲೆ ಹೊಡೆದು ಹೊಡೆದು ಮರಳು ಬದಲಾಗ್ತಾ ಇರತ್ತೆ ಅತ್ತೆ. ಆಗ ಇದ್ದ ಮರಳು ಈಗಿರಲ್ಲ."

"ಹೌದಾ. ನೀನು ಓದಿದೋಳು, ನಿಂಗೆ ಗೊತ್ತಿರತ್ತೆ."

ಶ್ರೀಧರ್ ಸಮುದ್ರದ ಕಡೆ ಮುಖ ತಿರುಗಿಸಿಕೊಂಡರು. ಗೋಪಾಲಣ್ಣನ ಮನೆಯಲ್ಲಿ ಮಾಡಿದ್ದು ಸೋಮಾರಿತನ. ಅದನ್ನು ಸೋಮಾರಿತನ ಎಂದೇ ಕರೆಯಬಹುದು. ಆದರೆ ಇದು — ನೀವು ನನ್ನ ಓದನ್ನು ನಂಬಿದಿರಿ, ನಾನು ಅದೇ ಓದಿನಿಂದ ನಿಮ್ಮ ಕಣ್ಣಿಗೆ ಮಣ್ಣೆರಚಿದೆ. ನನ್ನ ನಿದ್ದೆ ಕೆಡಿಸುವುದು ಆ ಮಾತೇ.

ಕಳೆದ ವಾರ ಜೆ.ಪಿ. ನಗರದ ನಮ್ಮ ಮನೆಗೆ ಫೋನ್ ಮಾಡಿ ಕರೆಸಿದಿರಿ. ದೇವರ ಪೆಟ್ಟಿಗೆಯಿಂದ ಪಂಚೆಯ ಆ ತುಂಡನ್ನೇ ತೆಗೆದು ಬಿಚ್ಚಿದಿರಿ. ಪ್ರಯಾಗದಲ್ಲಿ ಎಲ್ಲವನ್ನೂ ಬಿಡದೆ ಒಂದು ಚಿಟಿಕೆ ಕಪ್ಪು ಮರಳು ಉಳಿಸಿಕೊಂಡಿದ್ದೀರಿ ಎಂದು ನನಗೆ ಗೊತ್ತೇ ಇರಲಿಲ್ಲ. ನೀವು ಹೋದ ಮೇಲೆ ನಿಮ್ಮ ಬೂದಿಯ ಜೊತೆ ಅದನ್ನೂ ನಾನೇ ನೀರಿಗೆ ಬಿಡಬೇಕಂತೆ.

"ನಿನ್ನ ಬಿಟ್ರೆ ಈ ಕೆಲಸ ಇನ್ಯಾರಿಗೆ ಹೇಳ್ಲಿ," ಅಂದಿರಿ.

ನಿಮಗೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದೀರೇನೋ ಎಂದು ಒಂದು ಕ್ಷಣ ಅನ್ನಿಸಿತು. ಇಲ್ಲ, ನಿಮಗೆ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡರೆ ನನಗೆ ಸಲೀಸಾಗುತ್ತದೆ, ಅದಕ್ಕೇ ಹಾಗೆ ಅಂದುಕೊಳ್ಳಲಾರೆ. ನೀವು ಬದುಕಿರುವಾಗಲೇ ಇದು ನಿಮಗೆ ತಿಳಿಯಬೇಕು. ಮತ್ತೆ ಮರಳು ತರಬೇಕೋ, ಮತ್ತೆ ಪ್ರಯಾಗಕ್ಕೆ ಹೋಗಬೇಕೋ, ಅಥವಾ ನನ್ನ ಮುಖವನ್ನೇ ನೋಡಬಾರದೋ — ಅದನ್ನು ನಿರ್ಧರಿಸುವವರು ನೀವು. ಆ ಹಕ್ಕನ್ನೂ ನಾನು ಇಷ್ಟು ದಿನ ನಿಮ್ಮಿಂದ ಕಿತ್ತುಕೊಂಡಿದ್ದೆ.

ಇದನ್ನು ಬರೆದದ್ದು ತಡವರಿಸದೆ ಹೇಳುವುದಕ್ಕೆ, ನಿಮ್ಮ ಕೈಗೆ ಕೊಟ್ಟು ತಪ್ಪಿಸಿಕೊಳ್ಳುವುದಕ್ಕಲ್ಲ. ಭಾನುವಾರ ಬೆಳಿಗ್ಗೆ ಬರುತ್ತೇನೆ. ಬಂದವಳೇ ನಿಮ್ಮ ಎದುರು ಕೂತು ಹೇಳುತ್ತೇನೆ. ನೀವು ಎಂದಿನಂತೆ ಕಾಫಿಗಿಡಲು ಏಳುತ್ತೀರಿ — ಏಳಬೇಡಿ ಅತ್ತೆ. ಮೊದಲು ನಾನು ಹೇಳಿ ಮುಗಿಸಬೇಕು. ಆಮೇಲೂ ಕೊಡಬೇಕು ಅನ್ನಿಸಿದರೆ ಕೊಡಿ.