ರಿಜಿಸ್ಟರಿನಲ್ಲಿದ್ದ ಎರಡು ಪದ

ಒಂಬತ್ತು ವರ್ಷದ ಒಂದು ಹುಡುಗಿ ಶಾಲೆಗೆ ಹೋಗುವ ದಿನ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಶ್ರಾವಣದ ಒಂದು ಸೋಮವಾರ, ಗುಡಿಯ ಕಟ್ಟೆಯ ಮೇಲೆ. ಅಭಿಷೇಕ ಮುಗಿದ ಮೇಲೆ ನಾವು ನಾಲ್ಕೈದು ಜನ ತಾಯಂದಿರು ಅಲ್ಲಿ ಅರ್ಧ ಗಂಟೆ ಕೂರುತ್ತೇವೆ. ನಮ್ಮೆಲ್ಲರ ಮನೆಯಲ್ಲೂ ಅಂಗವಿಕಲ ಮಕ್ಕಳಿದ್ದಾರೆ. ವಿಶೇಷ ಮಕ್ಕಳು ಎಂಬ ಮಾತು ನನಗೆ ಹಿಡಿಸುವುದಿಲ್ಲ. ಉಳಿದ ಮಕ್ಕಳಿಗಿಂತ ಒಂದು ಕೈ ಹೆಚ್ಚು ಬೇಕಾದ ಮಕ್ಕಳು, ಅಷ್ಟೇ.

ನನ್ನ ಮಗಳಿಗೆ ಈಗ ಇಪ್ಪತ್ತೊಂದು. ಬುದ್ಧಿ ಆರು ವರ್ಷದಲ್ಲೇ ನಿಂತಿದೆ. ಹದಿನೆಂಟಕ್ಕೆ ಶಾಲೆ ಮುಗಿಯಿತೆಂದರು. ಮರುದಿನದಿಂದ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಎಷ್ಟೋ ತಿಂಗಳು ಆಕೆ ಎಂಟು ಗಂಟೆಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಈಗ ಗುಡಿಯಲ್ಲಿ ಹೂವು ಕಟ್ಟುತ್ತಾಳೆ. ಒಂದು ಮಾಲೆಗೆ ಒಂದು ಮುಂಜಾನೆ ಹಿಡಿಯುತ್ತದೆ, ಪೂಜಾರಿಯವರು ಕಾಯುತ್ತಾರೆ. ಇದು ಶಿವನ ದೊಡ್ಡ ಕೃಪೆ.

ಜನರನ್ನು ನಂಬದಿರುವುದನ್ನು ಕಲಿಸಿದ್ದೂ ಅವಳ ಶಾಲೆಯೇ. ಅತಿಥಿಗಳು ಬಂದಾಗ ಅವಳ ಕೈಗೆ ಗುಲಾಬಿ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಒಮ್ಮೆ ಹೇಳದೆ ಕೇಳದೆ ಹೋದಾಗ ವರಾಂಡದಲ್ಲಿ ಚಪ್ಪಲಿ ಸ್ಟ್ಯಾಂಡಿಗೆ ಮುಖಮಾಡಿ ಒಬ್ಬಳೇ ಕೂತಿದ್ದಳು. ಅಂದಿನಿಂದ ಯಾರಾದರೂ ಸಿಹಿಯಾಗಿ ಮಾತಾಡಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಪಾಪವಾದರೆ ದೇವರು ಕ್ಷಮಿಸಲಿ.

ನೀರು ಕುಡಿಯದ ಹುಡುಗಿಯ ತಾಯಿ ಯಾದಗಿರಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ ನಾವಿರುವ ಈ ತೆಲುಗು ನಗರಕ್ಕೆ, ಕೊಂಡಾಪುರದಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ಬಂದವರು; ಅಲ್ಲೇ ಹಿಂದೆ ತಗಡಿನ ಶೆಡ್ಡಿನಲ್ಲಿ ವಾಸ. ಮಗಳ ಕಾಲುಗಳು ಹುಟ್ಟಿನಿಂದ ಸೆಟೆದುಕೊಂಡಿವೆ, ಹಿಡಿಯದೆ ನಿಲ್ಲಲಾರಳು. ಮಗ್ಗಿ ಮಾತ್ರ ಹದಿನೈದರವರೆಗೆ ಬಾಯಿಪಾಠ. ಹೋದ ವರ್ಷ ಸರ್ಕಾರಿ ಶಾಲೆಯ ಆಯಾ ಆಕೆಯನ್ನು ಎತ್ತಿ ಶೌಚಾಲಯಕ್ಕೆ ಕರೆದೊಯ್ಯುತ್ತಿದ್ದಳು. ಈ ಜೂನ್‌ನಿಂದ ಅದು ನಿಂತಿತ್ತು. ಹೋಗುವ ಪ್ರಸಂಗವೇ ಬರಬಾರದೆಂದು ಹುಡುಗಿ ನೀರು ಬಿಟ್ಟಿದ್ದಳು.

"ಶಾಲಿಗೆ ಹೋಗಿ ಕೇಳೀಯೇನು?" ಎಂದೆ.

"ಏನಂತ ಕೇಳ್ಲಿ ಅಕ್ಕಾರ? ಇವತ್ತ ಬರ್ತಾಳ, ನಾಳಿ ಬರ್ತಾಳ ಅಂತ ಸುಮ್ಮಕಿದ್ದೆ. ಎರಡ ತಿಂಗಳಾತು. ಮೊನ್ನಿ ಉರಿಮೂತ್ರ ಆಗಿ ಭಾಳ ಅತ್ತಳು. ಇನ್ ಶಾಲಿ ಬ್ಯಾಡ, ಬಿಡಿಸಿಬಿಡು ಅನ್ನಾಕತ್ತಾನ ನನ್ನ ಗಂಡ."

"ಎಲ್ಯಾರ ಸಹಿ ಮಾಡೀಯೇನು?"

"ಮಾಡೀನ್ರಿ. ಮಾಡಂದ್ರು, ಮಾಡಿದೆ."

ನನಗೆ ಅಷ್ಟೇ ಸಾಕಾಯಿತು. ಓದಲು ಬಾರದ ತಾಯಿಯಿಂದ ಸಹಿ ತೆಗೆದುಕೊಂಡು, ಮಗುವನ್ನು ತಾನಾಗಿಯೇ ಮನೆಯಲ್ಲಿ ಕೂರುವಂತೆ ಮಾಡುವ ಉಪಾಯ ಇದು ಎಂದು ತೀರ್ಮಾನಿಸಿದೆ. ನಾಳೆ ನಾನೂ ಬರುತ್ತೇನೆಂದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವ್ಯಾಕ್ ಬರ್ತೀರಿ? ಇದರಾಗ ನಿಮಗೇನ್ ಸಿಗತೈತಿ?"

ನನ್ನಂತೆಯೇ ಯಾರನ್ನೂ ಸುಲಭಕ್ಕೆ ನಂಬದ ಜಾತಿಯ ಹೆಂಗಸು ಎಂದು ಖುಷಿಯಾಯಿತು.

ಮರುದಿನ ವಿಭೂತಿ ಹಚ್ಚಿಕೊಂಡು, ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಇಂಥ ಮಕ್ಕಳ ಉಸ್ತುವಾರಿಯ ಮೇಡಂ ಚಿಕ್ಕ ವಯಸ್ಸಿನವರು. ಎದ್ದು ನಿಂತು ಕುರ್ಚಿ ಕೊಟ್ಟರು, ಅಮ್ಮಾ ಅಮ್ಮಾ ಎಂದು ಕರೆದರು. ಇದ್ಯಾಕೋ ಅತಿಯಾಯಿತು ಅನ್ನಿಸಿತು. ಆಯಾಳನ್ನು ಯಾಕೆ ನಿಲ್ಲಿಸಿದಿರಿ ಎಂದು ತೆಲುಗಿನಲ್ಲಿ ಕೇಳಿದೆ. ತಾಯಿಯೇ ಬೇಡವೆಂದರು ಎಂದು ಹೇಳಿ ಮೇಡಂ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟರು.

ತೆಲುಗು ಅಕ್ಷರ ನಮ್ಮ ಅಕ್ಷರದ ಒಡಹುಟ್ಟು, ಇಲ್ಲಿಗೆ ಬಂದ ವರ್ಷವೇ ಕಲಿತಿದ್ದೆ. ಹುಡುಗಿಯ ಹೆಸರು, ಅದರ ಮುಂದೆ ಆಯಾ ಎಂದು ಬರೆದು, ಪಕ್ಕದಲ್ಲಿ 'ಅವಸರಂ ಲೇದು'. ಬೇಕಾಗಿಲ್ಲ ಎಂದರ್ಥ. ಕೆಳಗೆ ತಾಯಿಯ ಸೊಟ್ಟ ಸಹಿ.

"ನೀವೇ ಬರೆದುಕೊಂಡು ಸಹಿ ಹಾಕಿಸಿದ್ದೀರಿ," ಎಂದೆ.

ಮೇಡಂ ಮುಖ ಕೆಂಪಾಯಿತು. "ಆಯಾ ಅವಸರಮಾ ಅಂತ ನಾನೇ ಕೇಳಿದೆ ಅಮ್ಮಾ. ಅವಸರಂ ಲೇದು ಅಂತ ಆಕೆಯೇ ಅಂದಳು. ಬೇಕಾದರೆ ಕೇಳಿ."

ನಾನು ಪಕ್ಕದಲ್ಲಿದ್ದ ತಾಯಿಯ ಕಡೆ ತಿರುಗಿದೆ. "ನೀ ಹಂಗಂದೀಯೇನು?"

"ಹೂಂನ್ರಿ, ಅಂದೀನಿ."

ಈಗ ಅವಳ ಮೇಲೂ ಅನುಮಾನ ಬಂತು. "ಯಾಕಂದಿ? ಯಾರಾರ ಹೆದರಿಸಿದ್ರೇನು?"

"ಯಾಕ್ ಹೆದರಿಸ್ತಾರ್ರಿ? ಮೊದಲ್ನೇ ದಿನಾ, ಆಯಾ ಇನ್ನಾ ಬಂದಿದ್ದಿಲ್ಲ, ಎಲ್ಲಾರ್ಗೂ ಗಡಿಬಿಡಿ. ಅವಸರ ಐತೇನು ಅಂತ ಮೇಡಮ್ಮಾರು ಕೇಳಿದ್ರು. ನಾನೂ ಅವರ ಭಾಷಾದಾಗ ಹೇಳೂಣಂತ, ಅವಸರಂ ಲೇದು, ಸಾವಕಾಶ ಬರ್ಲಿ ಅಂದೆ. ತಪ್ಪಾತೇನ್ರಿ?"

ನಾನು ಹಣೆ ಹಿಡಿದುಕೊಂಡೆ. ನಮಗೆ ಅವಸರ ಎಂದರೆ ತ್ವರೆ, ಅವರಿಗೆ ಅವಸರಂ ಎಂದರೆ ಅಗತ್ಯ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಕೋಠಿಯ ಬಟ್ಟೆ ಅಂಗಡಿಯಲ್ಲಿ ಮರ್ಯಾದೆಗೆಂದು ಹೀಗೇ ಅಂದಿದ್ದೆ. ಅಂಗಡಿಯವನು ಮುಖ ಸಿಂಡರಿಸಿ, ಹರವಿದ ಸೀರೆಗಳನ್ನೆಲ್ಲ ಮಡಚಿ ಒಳಗಿಟ್ಟಿದ್ದ. ನನಗಾದ ನಷ್ಟ ಒಂದು ಸೀರೆ. ಈ ಮಗು ಎರಡು ತಿಂಗಳು ಬಾಯಾರಿ ಕೂತಿತ್ತು.

ಮೇಡಂಗೆ ಬಿಡಿಸಿ ಹೇಳಿದೆ. ಮೊದಲು ನಗು ಬಂತು ಅವರಿಗೆ. ಹುಡುಗಿಯ ನೆನಪಾಗಿರಬೇಕು, ಅರ್ಧಕ್ಕೇ ನಿಂತಿತು. ಆದರೂ ನಾನು ಬಿಡಲಿಲ್ಲ.

"ನಿಲ್ಲಲಾರದ ಮಗು ಇದು. ಇಂಥ ಮಗುವಿನ ತಾಯಿ ಹಿಡಿದುಕೊಳ್ಳಲು ಯಾರೂ ಬೇಡ ಅಂದರೆ, ಇದೇನು ವಿಚಿತ್ರ ಅಂತ ಒಂದು ಸಲವೂ ಅನ್ನಿಸಲಿಲ್ಲವೇ?"

"ನಾನು ಈ ವರ್ಷವೇ ಬಂದವಳಮ್ಮಾ," ಎಂದರು. ನಿಜವಿರಬಹುದು. ಇಲ್ಲದೆಯೂ ಇರಬಹುದು.

ಆಯಾ ಬಂದಳು. "ನಾಕೆವರು ಚೆಪ್ಪಿಂಡ್ರು?" ಎಂದು ಅವಳದೇ ಜಗಳ, ಹುಡುಗಿಗೆ ತಾನು ಬೇಕೆಂದು ತನಗೆ ಯಾರು ಹೇಳಿದರು ಎಂದು. ಮೇಡಂ ಕೆಂಪು ಪೆನ್ನಿನಿಂದ ಹಳೆಯದನ್ನು ಹೊಡೆದು, ತಾಯಿಯೇ ಬಾಯಿಬಿಟ್ಟು ಹೇಳಲಿ ಎಂದರು.

"ಕಾವಾಲಿ ಅನ್ನು," ಎಂದು ಹೇಳಿಕೊಟ್ಟೆ. "ಬೇಕು ಅಂತ ಅರ್ಥ."

"ಕಾವಲಿ? ದ್ವಾಸಿ ಕಾವಲೀನ್ರಿ?"

"ಹೂಂ, ಹಂಗ ನೆನಪಿಟ್ಕೋ. ಆದ್ರ ಸ್ವಲ್ಪ ಎಳದು ಹೇಳು."

"ಆಯಾ ಕಾವಾಲಿ," ಎಂದಳು ಮೆಲ್ಲಗೆ. ಇನ್ನೊಮ್ಮೆ ಎಂದಳು. ಮೂರನೆಯ ಸಲ ಅವಳ ದನಿಗೆ ಪಕ್ಕದ ತರಗತಿಯ ಮಕ್ಕಳು ಹಣಿಕಿ ನೋಡಿದರು. ಮೇಡಂ ಬರೆದರು, ನಾನು ಓದಿದ ಮೇಲೆಯೇ ಅವಳು ಸಹಿ ಹಾಕಿದಳು.

ಆಯಾ ಗೊಣಗುತ್ತಲೇ ಹುಡುಗಿಯನ್ನು ಎತ್ತಿಕೊಂಡು ಹೋಗಿ ಬಂದಳು. ತಾಯಿ ನೀರಿನ ಬಾಟಲಿ ಕೊಟ್ಟಳು. ಹುಡುಗಿ ಬಾಟಲಿ ಹಿಡಿದು ಮೊದಲು ಆಯಾಳ ಮುಖ ನೋಡಿದಳು, ಬಹಳ ಹೊತ್ತು. ಆಮೇಲೆ ಕುಡಿದಳು.

ಶಿವನೇ ಎಂದು ಎದ್ದು ಬರಬಹುದಿತ್ತು. ನನ್ನ ಗುಣ ಬಿಡಲಿಲ್ಲ. ರಿಜಿಸ್ಟರಿನ ಹಾಳೆ ತಿರುವಿದೆ. ಮೂರನೆಯ ಹಾಳೆಯಲ್ಲಿ ಇನ್ನೊಂದು ಹುಡುಗಿ. ಹೆಸರು ನಮ್ಮ ಕಡೆಯದು. ಕಿವಿಯ ಮಷೀನು ಎಂದು ಬರೆದು, ಪಕ್ಕದಲ್ಲಿ ಅವೇ ಎರಡು ಪದ. ಕೆಳಗೆ ಹೆಬ್ಬೆಟ್ಟು.

"ಈ ಮಗು ಎಲ್ಲಿ?"

"ಜುಲೈಯಿಂದ ಬಂದಿಲ್ಲ," ಎಂದರು ಮೇಡಂ, ನನ್ನ ಮುಖ ನೋಡದೆ.

ಆ ಹುಡುಗಿಯ ಮನೆಯವರ ಶೆಡ್ಡಿದ್ದ ಜಾಗ ಯಾದಗಿರಿಯವಳಿಗೆ ಗೊತ್ತಿತ್ತು. ಅಲ್ಲಿಂದಲೇ ಇಬ್ಬರೂ ಆಟೊ ಹಿಡಿದು ಹೋದೆವು. ಕಟ್ಟಡಕ್ಕೆ ಬಣ್ಣ ಬಿದ್ದಿತ್ತು, ಶೆಡ್ಡುಗಳು ಇರಲಿಲ್ಲ. ವಾಚ್‌ಮನ್ ಕೈಯಾಡಿಸಿದ. "ವೋ ಲೋಗಾಂ ಗಯೇ ಅಮ್ಮಾ. ಗಚ್ಚಿಬೌಲಿ ಗಯೇ ಕಿ ಗಾಂವ್ ಕೂ ಗಯೇ, ನೈ ಮಾಲೂಮ್." ಗಚ್ಚಿಬೌಲಿಗೆ ಹೋದರೋ ಊರಿಗೇ ಹೋದರೋ, ಅವನಿಗೂ ಗೊತ್ತಿರಲಿಲ್ಲ.

ಕೆಲಸ ಮುಗಿದದ್ದಕ್ಕೆ ಹೋದರೋ, ಕೇಳಿಸದ ಮಗುವನ್ನು ತರಗತಿಯಲ್ಲಿ ಕೂರಿಸಿ ಏನು ಉಪಯೋಗ ಎಂದು ಮೊದಲೇ ಶಾಲೆ ಬಿಡಿಸಿದ್ದರೋ, ತಿಳಿಯಲಿಲ್ಲ. ಗಚ್ಚಿಬೌಲಿಯಲ್ಲಿ ಮೂರು ಕಡೆ ವಿಚಾರಿಸಿದ್ದೇನೆ. ಸೋಮವಾರ ಗುಡಿಗೆ ಹೊಸ ಮುಖ ಬಂದರೆ ಊರು ಕೇಳುತ್ತೇನೆ.

ತಿಂಗಳಿಗೊಮ್ಮೆ ಶಾಲೆಗೂ ಹೋಗುತ್ತೇನೆ. ಈಗ ಮೇಡಂ ನಾನು ಕೇಳುವ ಮೊದಲೇ ರಿಜಿಸ್ಟರು ಮುಂದಿಡುತ್ತಾರೆ. ಅದನ್ನೂ ಒಂದು ಕೃಪೆಯೆಂದೇ ಎಣಿಸುತ್ತೇನೆ. ಆದರೂ ಪ್ರತಿ ಸಾಲಿನ ಮೇಲೆ ಬೆರಳಿಟ್ಟೇ ಓದುತ್ತೇನೆ. ಮೂರನೆಯ ಹಾಳೆಯ ಆ ಸಾಲು ಹಾಗೆಯೇ ಇದೆ. ಹೊಡೆದುಹಾಕಿ ಎಂದರೆ, ತಾಯಿ ಬಂದು ಹೇಳಬೇಕು ಎನ್ನುತ್ತಾರೆ.